ಕರಡು ತಿದ್ದುವವಳು

ಚಿಲೊಯೆ ದ್ವೀಪದ ವಾರಪತ್ರಿಕೆಯಲ್ಲಿ
ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತೇನೆ.
ಹೆಸರು ಎಲ್ಸಿರಾ ಮಾನ್ಸಿಯಾ. ಕೆಂಪು ಪೆನ್ಸಿಲು,
ಕಾಲ ಬಳಿ ಸೌದೆ ಒಲೆ, ಕಿಟಕಿಯಾಚೆ ಕೊಲ್ಲಿ.

ಈ ವಾರ ವಿಶೇಷ ಸಂಚಿಕೆ:
ಅಂತರ್ಜಾಲ ನಮಗೇನು ಮಾಡಿತು?
ನಮ್ಮ ಮಾತಿನಲ್ಲಿ ಅದಕ್ಕೂ ಮೀನಿನ ಬಲೆಗೂ
ಒಂದೇ ಹೆಸರು. ಬಂದ ಒಂಬತ್ತು ಲೇಖನಗಳಲ್ಲಿ
ಆರು ಆ ಶ್ಲೇಷೆಯಿಂದಲೇ ಶುರು.
ಆರರಲ್ಲೂ ನಾವೇ ಮೀನು.

ಮೊದಲನೆಯವರು ಡಾಕ್ಟರು. ವಾದಕ್ಕೆ ಮುಂಚೆ
ಮೂರು ಪದವಿ, ಎರಡು ಆಸ್ಪತ್ರೆ, ಒಂದು ಪದಕ
ಬಾಗಿಲಲ್ಲೇ ನಿಲ್ಲಿಸಿದ್ದಾರೆ, ದಿಬ್ಬಣದ ಹಾಗೆ.
ಒಳಗೆ ಹೋದರೆ ಮದುಮಗನೇ ಇಲ್ಲ.

ಇನ್ನೊಂದರಲ್ಲಿ, ನೂರಕ್ಕೆ ಎಪ್ಪತ್ತಮೂರು ಮಕ್ಕಳು
ನಿದ್ದೆಗೆಟ್ಟಿದ್ದಾರೆ. ಯಾರು ಎಣಿಸಿದರು?
ಅಂಚಿನಲ್ಲಿ ಬರೆದು ಕಳಿಸಿದೆ. ಫೋನಿನಲ್ಲಿ ಉತ್ತರ:
"ಎಪ್ಪತ್ತು ಅಂದರೆ ಯಾರೂ ನಂಬೋದಿಲ್ಲ ಸೆನ್ಯೋರಾ,
ನಂಬಿಸೋದು ಆ ಕೊನೆಯ ಮೂರು."

ಸಾಂತಿಯಾಗೊದವನೊಬ್ಬ, ಬೇಸಗೆಗೆ ಮಾತ್ರ ಬರುವವನು,
"ನಾವೆಲ್ಲ ಮೌನವನ್ನು ಮರೆತಿದ್ದೇವೆ" ಎನ್ನುತ್ತಾನೆ.
ನಾವು ಅಂದರೆ ಯಾರಪ್ಪ?
ನನ್ನ ಮನೆಯಲ್ಲಿ ಬೇಕಾದಷ್ಟಿದೆ,
ಬಂದು ಒಯ್ಯಲಿ. ಚೀಲ ನಾನೇ ಕೊಡುತ್ತೇನೆ.

ಶಾಲೆಯ ಹುಡುಗಿ ಯೊಸೆಲಿನ್ ನವೆಲ್ಕಿನ್ ಬರೆದದ್ದು ಪರವಾಗಿ:
ಆಕೆಯ ಅಜ್ಜಿ, ಆಚೆಯ ಪುಟ್ಟ ದ್ವೀಪದಲ್ಲಿ,
ದೂರದ ಮೊಮ್ಮಗುವಿನ ಮುಖ ಪರದೆಯ ಮೇಲೆ ಕಂಡು
ನಕ್ಕು, ಆ ರಾತ್ರಿಯೇ ತೀರಿಕೊಂಡಳು.
ಓದಿ ಅತ್ತೆ. ಅತ್ತು ಮುಗಿದ ಮೇಲೆ ನೆನಪಾಯಿತು,
ಆ ಅಜ್ಜಿ ನಿನ್ನೆ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದಳು,
ಚೌಕಾಸಿಗೆ ಬಗ್ಗಲಿಲ್ಲ.
"ಸಾಯಿಸಲೇಬೇಕಿತ್ತಾ?" ಹುಡುಗಿಯನ್ನು ಕೇಳಿದೆ.
"ಬದುಕಿದ್ದರೆ ಯಾರು ಓದ್ತಾರೆ?" ಎಂದಳು.

ಬುಧವಾರ ಸಂಪಾದಕ ಬಂದು ಮೇಜಿಗೆ ಒರಗಿ ನಿಂತ.
"ಇನ್ನೂರು ಪದದ ಜಾಗ ಉಳಿದಿದೆ. ನೀವೇ ಬರೆಯಿರಿ.
ನಿಮ್ಮ ಹತ್ತಿರ ಒಂದಿದೆಯಲ್ಲ."

ಇದೆ.
ಎಲಿಯೊದೊರೊನ ದೋಣಿ ಮರಳದ ರಾತ್ರಿ
ಅವನ ಫೋನಿನಿಂದ ಬಂದ ಕೊನೆಯ ಸಾಲು:
ಆಲೂಗಡ್ಡೆ ಬೇಯಿಸಿಡು, ಹಸಿವು.

ಮೊದಲು ಪರವಾಗಿ ಬರೆದೆ: ಆ ಜಾಲವಿಲ್ಲದಿದ್ದರೆ
ಈ ಸಾಲೂ ನೀರುಪಾಲು.
ಚೆನ್ನಾಗಿ ಬಂತು.
ಹಾಳೆ ತಿರುವಿ ವಿರುದ್ಧ ಬರೆದೆ: ಪರದೆಗೆ ಬಗ್ಗಿದ ತಲೆ
ಏಳುವ ಅಲೆಯನ್ನು ನೋಡಲಿಲ್ಲ.
ಇನ್ನೂ ಚೆನ್ನಾಗಿ ಬಂತು.
ಎರಡಕ್ಕೂ ಅದೇ ಆಲೂಗಡ್ಡೆ, ಅದೇ ಹಸಿವು,
ಒಂದಕ್ಷರ ಬದಲಿಸಬೇಕಾಗಲಿಲ್ಲ.

ನಿಜ ಹೇಳಬೇಕೆಂದರೆ ಎಂಜಿನ್ ಹಳೆಯದು.
ಅದರ ರಿಪೇರಿಗೆಂದು ಇಟ್ಟ ಹಣದಲ್ಲಿ
ಮಾಡಿಗೆ ತಗಡು ಹೊದಿಸಿದ್ದೆವು. ನಾನೇ ಹೇಳಿ ಹೊದಿಸಿದ್ದು.
ಇದು ಯಾರ ವಾದಕ್ಕೂ ಒದಗುವುದಿಲ್ಲ.

ಹಾಳೆಯನ್ನು ಒಲೆಗೆ ಹಾಕಿದೆ,
ತುಸು ಹೊತ್ತು ಕೈಯಲ್ಲೇ ಹಿಡಿದಿದ್ದು.
ಖಾಲಿ ಜಾಗಕ್ಕೆ ವಾರದ ಉಬ್ಬರವಿಳಿತದ ಪಟ್ಟಿ.

ಶನಿವಾರ ಪತ್ರಿಕೆ ಹೊರಬಿತ್ತು.
ಬಲೆಯ ಬಗ್ಗೆ, ಮೀನಿನ ಬಗ್ಗೆ, ಪದಕದ ಬಗ್ಗೆ
ಯಾರೂ ಏನೂ ಅನ್ನಲಿಲ್ಲ.
ಮಂಗಳವಾರದ ಇಳಿತ ನಲವತ್ತು ನಿಮಿಷ ತಪ್ಪಿತ್ತು.
ಸಂಜೆಯೊಳಗೆ ಹನ್ನೊಂದು ಫೋನು.
ಹನ್ನೊಂದನೆಯದು ಸತ್ತ ಅಜ್ಜಿಯದು:
ಚಿಪ್ಪು ಆಯಲು ಹೋಗಿ ಸೊಂಟದವರೆಗೆ ನೆಂದಿದ್ದಾಳೆ,
ಬುಟ್ಟಿ ಖಾಲಿ.
ಬೈದು ಬೈದು ಸುಸ್ತಾಗಿ, ಕೊನೆಗೆ ಮೆತ್ತಗೆ,
"ಅಚ್ಚಾಗಿತ್ತಲ್ಲ, ನಂಬಿದ್ದೆ ಕಣೇ" ಎಂದಳು.